ಬಜರ್ ಕೂಗಿದರೆ ಸಾಲದು

ಪ್ರಶ್ನೆ: ಮಗಳು ಎಲೆಕ್ಟ್ರಿಕಲ್ ಡಿಪ್ಲೊಮಾ ಮುಗಿಸಿದ್ದಾಳೆ. ರೈಲು ಬೋಗಿ ಕಾರ್ಖಾನೆಯ ಟೆಸ್ಟಿಂಗ್ ವಿಭಾಗದಲ್ಲಿ ಕೆಲಸ ಸಿಕ್ಕಿದೆ. ಅಲ್ಲಿ ಸಾವಿರಾರು ವೋಲ್ಟ್ ಇರುತ್ತದಂತೆ, ಕಳಿಸಲು ಭಯ. ದಿನವಿಡೀ ಅಲ್ಲಿ ಏನು ಮಾಡುತ್ತಾರೆ?
– ಒಬ್ಬ ತಾಯಿ, ಹಾವೇರಿ

ಉತ್ತರ: ಅಮ್ಮಾ, ನಾನು ಇದೇ ಕೆಲಸ ಮಾಡಿ ನಿವೃತ್ತನಾದವನು. ನಿಮ್ಮ ಭಯ ಸುಮ್ನೆ ಅಲ್ಲ. ನಮ್ಮ ಮೆಟ್ರೊ ಓಡುವುದು 750 ವೋಲ್ಟ್ ಡಿಸಿಯಲ್ಲಿ. ವಂದೇ ಭಾರತ್‌ಗೆ ಮೇಲಿನ ತಂತಿಯಿಂದ ಬರುವುದು 25,000 ವೋಲ್ಟ್ ಎಸಿ. ಆದರೆ ಹೊಸ ಬೋಗಿಗೆ ಆ ಕರೆಂಟ್ ಕೊಡುವುದು ಎಲ್ಲಕ್ಕಿಂತ ಕೊನೆಗೆ.

ಮೊದಲು ಕರೆಂಟೇ ಇರುವುದಿಲ್ಲ. ಡ್ರಾಯಿಂಗ್ ಹಿಡಿದು ಒಬ್ಬರು ಈ ತುದಿಯಲ್ಲಿ, ಇನ್ನೊಬ್ಬರು ಆ ತುದಿಯಲ್ಲಿ ನಿಂತು ಒಂದೊಂದೇ ವೈರ್ ನೋಡುತ್ತಾ ಹೋಗಬೇಕು. ವೈರ್ ಎರಡೂ ತುದಿಗೆ ಸರಿಯಾಗಿ ತಲುಪಿದ್ದರೆ ಕೈಯಲ್ಲಿರುವ ಮೀಟರ್‌ನ ಬಜರ್ ಕೂಗುತ್ತದೆ. ಆಮೇಲೆ ಮೆಗ್ಗರ್ ಎಂಬ ಮೀಟರ್‌ನಿಂದ ಹೆಚ್ಚು ವೋಲ್ಟ್ ಕೊಟ್ಟು ಇನ್ಸುಲೇಷನ್ ಪರೀಕ್ಷೆ, ಅಂದರೆ ವೈರ್‌ನ ಹೊದಿಕೆಯಿಂದ ಕರೆಂಟ್ ಸೋರುತ್ತದೆಯೇ ಎಂದು ನೋಡುವುದು. ಅದಕ್ಕೂ ಮೊದಲು ಎಲೆಕ್ಟ್ರಾನಿಕ್ ಕಾರ್ಡ್‌ಗಳನ್ನು ಬಿಡಿಸಿಡಬೇಕು, ಇಲ್ಲದಿದ್ದರೆ ಸುಟ್ಟೇ ಹೋಗಬಹುದು. ನಂತರ ಬ್ಯಾಟರಿಯ 110 ವೋಲ್ಟ್ ಕೊಟ್ಟು ದೀಪ, ಬಾಗಿಲು, ಬ್ರೇಕ್ ನೋಡುತ್ತಾರೆ.

ಬಜರ್ ಬಗ್ಗೆ ಒಂದು ಮಾತು ಹೇಳಲೇಬೇಕು. ಆಗ ನಾನು ಸೇರಿ ಎರಡು ವರ್ಷ. ನಾವು ಮಾಡಿದ ಆರು ಬೋಗಿಯ ಮೆಟ್ರೊದಲ್ಲಿ ಒಂದು ಬದಿಗೇ 24 ಬಾಗಿಲು. ಎಲ್ಲವೂ ಮುಚ್ಚಿವೆ ಎಂದು ಬಾಗಿಲುಗಳ ವೈರ್ ಮೂಲಕ ಗೊತ್ತಾಗದೆ ರೈಲು ಹೊರಡುವುದಿಲ್ಲ. ನಿಂತಲ್ಲಿ ಎಲ್ಲ ಸರಿಯಿತ್ತು. ಟೆಸ್ಟ್ ಟ್ರ್ಯಾಕ್‌ಗೆ ಹೋಗಿ ಬೋಗಿ ಸ್ವಲ್ಪ ಅಲುಗಿದರೆ ಸಾಕು, ಮೋಟಾರ್‌ಗೆ ಹೋಗುವ ಕರೆಂಟ್ ಕಟ್ ಆಗುತ್ತಿತ್ತು. ರಾತ್ರಿಯೆಲ್ಲ ಹುಡುಕಿದೆವು. ಕೊನೆಗೆ ಒಂದು ಬಾಗಿಲ ಮೇಲೆ, ವೈರ್ ಅನ್ನು ಸ್ಕ್ರೂನಿಂದ ಬಿಗಿಯುವ ಟರ್ಮಿನಲ್‌ನಲ್ಲಿ ಸಿಕ್ಕಿತು. ಸ್ಕ್ರೂ ಕಚ್ಚಿದ್ದು ವೈರ್‌ನ ಪ್ಲಾಸ್ಟಿಕ್ ಹೊದಿಕೆಯನ್ನು. ತಾಮ್ರದ ಎರಡೇ ಎಳೆ ತಾಗಿದ್ದವು. ಬಜರ್ ಕೂಗಲು ಅಷ್ಟು ಸಾಕು, ಅಲ್ವಾ? ಆ ವೈರ್ ಸರಿಯಿದೆ ಎಂದು ಸಹಿ ಹಾಕಿದ್ದು ನಾನೇ. ಬಜರ್ ಹೇಳುವುದು ವೈರ್ ತಲುಪಿದೆ ಎಂದಷ್ಟೇ, ಗಟ್ಟಿಯಾಗಿ ನಿಂತಿದೆ ಎಂದಲ್ಲ. ಅಂದಿನಿಂದ ಪ್ರತಿ ವೈರ್ ಅನ್ನೂ ಬೆರಳಲ್ಲಿ ಮೆಲ್ಲಗೆ ಜಗ್ಗಿ ನೋಡದೆ ನಾನು ಸಹಿ ಹಾಕಲಿಲ್ಲ. ಮಗಳಿಗೂ ಇದನ್ನು ಹೇಳಿ.

ಇನ್ನು ದೊಡ್ಡ ಕರೆಂಟ್. ಸ್ವಿಚ್ ಆಫ್ ಮಾಡಿದ ಮೇಲೂ, ಮೋಟಾರ್‌ಗೆ ಕರೆಂಟ್ ಕೊಡುವ ಇನ್ವರ್ಟರ್ ಒಳಗೆ ಚಾರ್ಜ್ ಕೂಡಿಟ್ಟುಕೊಳ್ಳುವ ಕೆಪಾಸಿಟರ್‌ನಲ್ಲಿ ಚಾರ್ಜ್ ಉಳಿದಿರುತ್ತದೆ. ಜಾಸ್ತಿ ಅಪಾಯ ಅಲ್ಲೇ. ಹೇಳಿದಷ್ಟು ಹೊತ್ತು ಕಾಯಬೇಕು, ಮೀಟರ್ ಇಟ್ಟು ಸೊನ್ನೆ ಎಂದು ತಾನೇ ನೋಡಬೇಕು. ಮೇಲಧಿಕಾರಿ ‘ಆಫ್ ಆಗಿದೆ, ಕೈ ಹಾಕಮ್ಮ’ ಎಂದರೂ ನೋಡದೆ ಮುಟ್ಟಬಾರದು. ಬೇರೆಯವರು ಆನ್ ಮಾಡದಂತೆ ಸ್ವಿಚ್‌ಗೆ ಹಾಕಿದ ತನ್ನ ಬೀಗದ ಕೀಲಿ ತನ್ನ ಜೇಬಿನಲ್ಲೇ ಇರಬೇಕು.

ಬಳೆ, ಉಂಗುರ, ಸರ ಮನೆಯಲ್ಲೇ ಬಿಟ್ಟು ಹೋಗಲಿ. ಬ್ಯಾಟರಿ ಟರ್ಮಿನಲ್‌ಗಳ ನಡುವೆ ಉಂಗುರ ತಾಗಿದರೆ ಕ್ಷಣದಲ್ಲಿ ಕಾದು ಬೆರಳು ಸುಡುತ್ತದೆ. ನೀವೇ ಬಿಚ್ಚಿಟ್ಟುಕೊಂಡು ಕಳಿಸಿ, ಅಮ್ಮಾ.