ಚಾರ್ಜಿಗಿಟ್ಟ ಟಾರ್ಚ್ ಸುಡುತ್ತಿದ್ದರೆ ಮೊದಲು ಪ್ಲಗ್ ಕೀಳಿ

ಪ್ರಶ್ನೆ: ನಮ್ಮ ಕಡೆ ಕಾಡಾನೆ ಕಾಟ ಜಾಸ್ತಿ. ಮನೆಯ ಸರ್ಚ್‌ಲೈಟಿನಲ್ಲಿದ್ದ 12 ವೋಲ್ಟಿನ ಲೆಡ್ ಆಸಿಡ್ ಬ್ಯಾಟರಿ ಹಾಳಾಯಿತು. ಅದರ ಜಾಗಕ್ಕೆ ಹಳೇ ಲ್ಯಾಪ್‌ಟಾಪಿನ 18650 (ಬೆರಳುದ್ದದ, ಸಿಲಿಂಡರ್ ಆಕಾರದ ಲಿಥಿಯಂ ಅಯಾನ್) ಸೆಲ್‌ಗಳನ್ನು ಎರಡೆರಡು ಪ್ಯಾರಲಲ್ ಜೋಡಿಸಿ, ಮೂರು ಜೋಡಿ ಸೀರೀಸ್‌ನಲ್ಲಿ ಹಾಕಿದ್ದೇನೆ. ಬಿಎಂಎಸ್ (ಸೆಲ್ ಅತಿಯಾಗಿ ತುಂಬದಂತೆ, ಪೂರ್ತಿ ಬರಿದಾಗದಂತೆ ಕಾಯುವ ಬೋರ್ಡು) ಇಲ್ಲ. ಚಾರ್ಜರ್ ಹಳೆಯದೇ. ಈಗೀಗ ಚಾರ್ಜಿಗೆ ಇಟ್ಟರೆ ಪ್ಯಾಕ್ ಮುಟ್ಟಲಾಗದಷ್ಟು ಬಿಸಿಯಾಗುತ್ತದೆ. ಒಳಗೊಂದು ಚಿಕ್ಕ ಫ್ಯಾನ್ ಕೂರಿಸಲೇ?
— ಓದುಗರು, ಸಕಲೇಶಪುರ

ಉತ್ತರ: ಫ್ಯಾನ್ ಬೇಡ. ಆ ಚಾರ್ಜರನ್ನು ಇವತ್ತೇ ನಿಲ್ಲಿಸಿ. ಪ್ಯಾಕನ್ನು ಮನೆಯಿಂದ ಹೊರಗೆ, ಸುತ್ತ ಏನೂ ಇಲ್ಲದ ಕಡೆ ಇಡಿ.

ಬೆಳಕು ಹಾಕಿದಾಗ ಬರುವ ಬಿಸಿ ಬೇರೆ, ಚಾರ್ಜ್ ಆಗುವಾಗ ಬರುವ ಬಿಸಿ ಬೇರೆ. ಮೊದಲನೆಯದನ್ನು ಹೊರಗೆ ಸಾಗಿಸಲು ದಾರಿ ಮಾಡಿಕೊಡಬಹುದು. ಎರಡನೆಯದು ಜೋರಾಗಿದ್ದರೆ ಚಾರ್ಜರ್ ತಪ್ಪು, ಇಲ್ಲವೇ ಸೆಲ್ ಕೆಟ್ಟಿದೆ. ಸರಿಯಾದ ಚಾರ್ಜರಿನಲ್ಲಿ ಒಳ್ಳೆ ಸೆಲ್ ಸ್ವಲ್ಪ ಬೆಚ್ಚಗಾಗುತ್ತದೆ, ಅಷ್ಟೇ. ಫ್ಯಾನ್ ಹಾಕಿದರೆ ಆ ಎಚ್ಚರಿಕೆಯೇ ನಿಮ್ಮ ಕೈಗೆ ತಿಳಿಯದೆ ಹೋಗುತ್ತದೆ.

ಲೆಕ್ಕ ನೋಡಿ. ಈ ಜಾತಿಯ ಲಿಥಿಯಂ ಅಯಾನ್ ಸೆಲ್ 4.2 ವೋಲ್ಟಿಗೆ ತುಂಬಿತು ಎಂದರ್ಥ. ಮೂರು ಸೀರೀಸ್ ಅಂದರೆ 12.6. ಲೆಡ್ ಆಸಿಡ್ ಚಾರ್ಜರ್ ಸಾಮಾನ್ಯವಾಗಿ 14.4 ವೋಲ್ಟ್‌ವರೆಗೆ ತಳ್ಳುತ್ತದೆ, ಅಂದರೆ ಒಂದೊಂದು ಸೆಲ್ಲಿಗೆ 4.8. ತಡೆಯಲು ಬಿಎಂಎಸ್ ಕೂಡ ಇಲ್ಲ. 4.2 ದಾಟಿದ ಮೇಲೆ ಹೋಗುವ ಕರೆಂಟ್ ಸೆಲ್ಲಿನಲ್ಲಿ ಶೇಖರವಾಗದೆ ಅದನ್ನು ಒಳಗಿನಿಂದ ಕೆಡಿಸುತ್ತದೆ: ಒಂದು ಕಡೆ ಲಿಥಿಯಂ ಲೋಹವಾಗಿ ಕೂರುತ್ತದೆ, ಇನ್ನೊಂದು ಕಡೆಯ ವಸ್ತು ಒಡೆದು ಆಮ್ಲಜನಕ ಬಿಡಲು ಶುರುವಾಗುತ್ತದೆ, ಆ ಬಿಸಿಯೇ ಮತ್ತಷ್ಟು ಬಿಸಿಯನ್ನು ಎಬ್ಬಿಸುತ್ತದೆ. ಬೆಂಕಿ ಬರುವುದು ಹೀಗೆ.

ಬೇಸರದ ಮಾತು, ಆದರೂ ಹೇಳಲೇಬೇಕು. ಈ ಸೆಲ್‌ಗಳನ್ನು ಮತ್ತೆ ಬಳಸಬೇಡಿ. ಮೇಲ್ನೋಟಕ್ಕೆ ಚೆನ್ನಾಗಿ ಕಂಡರೂ ಒಳಗೆ ಏನಾಗಿದೆ ಎಂದು ಮೀಟರ್ ಹೇಳುವುದಿಲ್ಲ. ಇ-ತ್ಯಾಜ್ಯ ತೆಗೆದುಕೊಳ್ಳುವ ಕಡೆ ಕೊಡಿ, ಅದಕ್ಕೂ ಮುಂಚೆ ತುದಿಗಳಿಗೆ ಟೇಪ್ ಸುತ್ತಿ.

ಹೊಸದಾಗಿ ಮಾಡುವುದಾದರೆ ಎರಡು ದಾರಿ ಇವೆ. ಮೂರು ಸೀರೀಸ್‌ನ ಲಿಥಿಯಂ ಅಯಾನ್ ಬೇಕೆಂದರೆ 12.6 ವೋಲ್ಟ್ ಎಂದು ಬರೆದಿರುವ ಲಿಥಿಯಂ ಚಾರ್ಜರ್ ತನ್ನಿ. ಅದು ಮೊದಲು ಕರೆಂಟನ್ನು ಒಂದೇ ಮಟ್ಟದಲ್ಲಿ ಹಿಡಿದು, ಆಮೇಲೆ ವೋಲ್ಟೇಜನ್ನು 12.6ರಲ್ಲೇ ನಿಲ್ಲಿಸಿ, ಕರೆಂಟ್ ಚೂರೇ ಚೂರು ಉಳಿದಾಗ ತಾನೇ ಕಟ್ ಆಗುತ್ತದೆ. 4 ಆಂಪಿಯರ್-ಅವರ್ ಪ್ಯಾಕಿಗೆ 2 ಆಂಪಿಯರ್ ಸಾಕು. ಜೊತೆಗೆ ಬ್ಯಾಲೆನ್ಸ್ (ಎಲ್ಲ ಸೆಲ್ಲುಗಳ ವೋಲ್ಟೇಜನ್ನು ಸಮ ಮಾಡುವ ವ್ಯವಸ್ಥೆ) ಇರುವ ಬಿಎಂಎಸ್ ಹಾಕಲೇಬೇಕು. ಅಗ್ಗದ ಎಷ್ಟೋ ಬೋರ್ಡುಗಳಲ್ಲಿ ಬ್ಯಾಲೆನ್ಸ್ ಇರುವುದಿಲ್ಲ, ಕೇಳಿ ತೆಗೆದುಕೊಳ್ಳಿ. ಬಿಎಂಎಸ್ ಇದೆಯಲ್ಲ ಎಂದು ಹಳೇ ಚಾರ್ಜರಿಗೆ ಮರಳಬೇಡಿ. ಅದು ಕಟ್ ಮಾಡುವುದೇ 4.25 ದಾಟಿದ ಆಸುಪಾಸಿನಲ್ಲಿ, ಅದೂ ಎಲ್ಲ ತಪ್ಪಿದಾಗಿನ ಕೊನೆಯ ತಡೆ.

ನಿಮ್ಮ ಜಾಗದಲ್ಲಿ ನಾನಿದ್ದರೆ ಎರಡನೇ ದಾರಿ ಹಿಡಿಯುತ್ತಿದ್ದೆ: ಲಿಥಿಯಂ ಐರನ್ ಫಾಸ್ಫೇಟ್. ಸೋಲಾರ್ ದೀಪಗಳಲ್ಲಿ ಬರುವ ದಪ್ಪ 32650 ಸೆಲ್‌ಗಳು ಇವೇ. ನಾಲ್ಕು ಸೀರೀಸ್ ಹಾಕಿದರೆ 12.8 ವೋಲ್ಟ್, ತುಂಬಿದಾಗ 14.6. ಹೊಡೆತ ತಡೆದುಕೊಳ್ಳುವುದು ಜಾಸ್ತಿ, ಬಿಸಿಗೆ ಅಷ್ಟು ಬೇಗ ಕೆರಳುವುದಿಲ್ಲ. ಇದಕ್ಕೂ ಇದರದೇ ಬಿಎಂಎಸ್, ಇದರದೇ 14.6ರ ಚಾರ್ಜರ್ ತನ್ನಿ. ಸರ್ಚ್‌ಲೈಟ್ ಹೇಗೂ ದೊಡ್ಡದು, ತೂಕ ಸ್ವಲ್ಪ ಹೆಚ್ಚಾದರೆ ಏನಂತೆ?

ಪ್ರಶ್ನೆ: ಅಲ್ಯೂಮಿನಿಯಂ ಟಾರ್ಚಿಗೆ 50 ವ್ಯಾಟಿನ ಎಲ್‌ಇಡಿ ಹಾಕಿಸಿದ್ದೇನೆ. ಒಳಗೆ ನಾಲ್ಕು 18650 ಪ್ಯಾರಲಲ್. ಐದು ನಿಮಿಷಕ್ಕೆ ಕೈ ಸುಡುತ್ತದೆ, ಬೆಳಕೂ ಇಳಿಯುತ್ತದೆ. ಸೆಲ್ ಬಿಸಿಯೋ ಎಲ್‌ಇಡಿ ಬಿಸಿಯೋ ಗೊತ್ತಾಗುತ್ತಿಲ್ಲ.
— ಓದುಗರು, ಶಿರಸಿ

ಉತ್ತರ: ಎರಡೂ ಇರಬಹುದು. ಯಾವುದು ಜಾಸ್ತಿ ಎಂದು ತಿಳಿಯಲು ಮೂರು ನಿಮಿಷ ಉರಿಸಿ, ತಲೆ ಭಾಗ ಮತ್ತು ಹಿಡಿ ಎರಡನ್ನೂ ಮುಟ್ಟಿ ನೋಡಿ, ಆಮೇಲೆ ಸೆಲ್ ಹೊರತೆಗೆದು ಮುಟ್ಟಿ.

50 ವ್ಯಾಟಿನಲ್ಲಿ ಮೂರನೇ ಒಂದು ಭಾಗ ಬೆಳಕಾದರೆ ದೊಡ್ಡದು. ಉಳಿದ 30 ವ್ಯಾಟಿಗೂ ಮೇಲ್ಪಟ್ಟು ಬಿಸಿ ಆ ಚಿಕ್ಕ ತಲೆಯಿಂದಲೇ ಹೊರಬರಬೇಕು. ರಿಪೇರಿ ಅಂಗಡಿಯ ಸಾಲ್ಡರಿಂಗ್ ಐರನ್ 25 ವ್ಯಾಟಿನದು, ಅದನ್ನು ಮುಷ್ಟಿಯಲ್ಲಿ ಹಿಡಿದ ಹಾಗಾಯಿತು ಅಲ್ವಾ? ಆದ್ದರಿಂದ ಎಲ್‌ಇಡಿ ತಾಮ್ರದ ಬೋರ್ಡಿನ ಮೇಲಿರಲಿ, ಆ ಬೋರ್ಡು ತೆಳುವಾದ ಥರ್ಮಲ್ ಪೇಸ್ಟ್ ಹಚ್ಚಿ, ಸ್ಕ್ರೂ ಬಿಗಿದು, ಅಲ್ಯೂಮಿನಿಯಂಗೆ ನೇರ ತಾಗಿರಲಿ. ಗ್ಲೂ ಗನ್ನಿನ ಅಂಟಿನಲ್ಲಿ ಕೂರಿಸಿದ್ದರೆ ಬಿಸಿ ಹೊರಗೆ ಹೋಗುವುದೇ ಇಲ್ಲ. ತಲೆ ಭಾಗದಲ್ಲಿ ಥರ್ಮಿಸ್ಟರ್ (ಬಿಸಿ ಗುರುತಿಸುವ ಬಿಡಿಭಾಗ) ಇಟ್ಟು, ಬಿಸಿಯಾದಾಗ ತಾನೇ ಬೆಳಕು ತಗ್ಗಿಸುವ ಡ್ರೈವರ್ (ಎಲ್‌ಇಡಿಗೆ ಹೋಗುವ ಕರೆಂಟನ್ನು ಹಿಡಿತದಲ್ಲಿಡುವ ಬೋರ್ಡು) ಸಿಕ್ಕರೆ ಹಾಕಿಸಿ. ಎಷ್ಟೇ ಮಾಡಿದರೂ ಕೈಯಲ್ಲಿ ಹಿಡಿಯುವ ಗಾತ್ರದ ಟಾರ್ಚು 50 ವ್ಯಾಟನ್ನು ಸತತ ತಡೆಯುವುದಿಲ್ಲ. ಅರ್ಧ ನಿಮಿಷ ಜೋರು, ಉಳಿದ ಹೊತ್ತು 10-15 ವ್ಯಾಟ್. ಅಡಿಕೆ ತೋಟ ಸುತ್ತಲು ಅಷ್ಟು ಸಾಕು.

ಇನ್ನು ಸೆಲ್ ವಿಷಯ. ನಾಲ್ಕೂ ಪ್ಯಾರಲಲ್ ಇದ್ದರೆ ವೋಲ್ಟೇಜ್ 3.7, ಹಾಗಾಗಿ 50 ವ್ಯಾಟಿಗೆ 13 ಆಂಪಿಯರ್‌ಗೂ ಹೆಚ್ಚು ಬೇಕು. ಅದೆಲ್ಲ ಒಂದೇ ಸ್ವಿಚ್, ಒಂದೇ ಸ್ಪ್ರಿಂಗ್ ಮೂಲಕ ಹೋಗುತ್ತದೆ. ಕರೆಂಟ್ ಎರಡು ಪಟ್ಟಾದರೆ ಬಿಸಿ ನಾಲ್ಕು ಪಟ್ಟಾಗುತ್ತದೆ. ಎರಡು ಸೀರೀಸ್, ಎರಡು ಪ್ಯಾರಲಲ್ ಮಾಡಿ, ಅದಕ್ಕೆ ಹೊಂದುವ ಡ್ರೈವರ್ ಹಾಕಿದರೆ ಕರೆಂಟ್ ಅರ್ಧಕ್ಕಿಳಿದು ಸ್ವಿಚ್ಚು, ವೈರುಗಳ ಬಿಸಿ ಕಾಲು ಭಾಗಕ್ಕೆ ಬರುತ್ತದೆ. ಆಗ ಚಾರ್ಜರೂ 8.4 ವೋಲ್ಟಿನದು ಬೇಕು, ಮರೆಯಬೇಡಿ. ಬಿಎಂಎಸ್ ಕೂಡ ಎರಡು ಸೀರೀಸಿನದೇ ಆಗಬೇಕು.

ಸೆಲ್ಲಿನ ಒಳಗಿನ ತಡೆಯೂ (ರೆಸಿಸ್ಟೆನ್ಸ್) ಮುಖ್ಯ. ಒಳ್ಳೆ ಹೈ-ಡ್ರೇನ್ ಸೆಲ್, ಉದಾಹರಣೆಗೆ ಸ್ಯಾಮ್‌ಸಂಗ್ 25ಆರ್, 2500 ಮಿಲಿಆಂಪಿಯರ್-ಅವರ್ ಮಾತ್ರ, ಆದರೆ 20 ಆಂಪಿಯರ್ ಕೊಡಬಲ್ಲದು. ತಡೆ 100 ಮಿಲಿಓಮ್‌ಗೆ ಏರಿದ ಹಳೇ ಲ್ಯಾಪ್‌ಟಾಪ್ ಸೆಲ್ಲಿನಿಂದ 5 ಆಂಪಿಯರ್ ಎಳೆದರೆ ಅದೊಂದರಲ್ಲೇ ಎರಡೂವರೆ ವ್ಯಾಟ್ ಬಿಸಿ ಹುಟ್ಟುತ್ತದೆ. ಮೇಲೆ 9900 ಎಂದು ಬರೆದ ಸೆಲ್ ಕಂಡರೆ ಸುಮ್ನೆ ಮುಂದೆ ಹೋಗಿ. ಈ ಗಾತ್ರದಲ್ಲಿ ಅಷ್ಟು ಹಿಡಿಯುವ ಸೆಲ್ ಇಲ್ಲವೇ ಇಲ್ಲ.

ಪ್ರಶ್ನೆ: ಟಾರ್ಚ್ ಉರಿಸಿ ತಂದ ಕೂಡಲೇ ಚಾರ್ಜಿಗೆ ಹಾಕಬಹುದೇ?
— ಓದುಗರು, ಕೊಪ್ಪ

ಉತ್ತರ: ಬೇಡ. ಪೂರ್ತಿ ತಣ್ಣಗಾಗಲಿ. 45 ಡಿಗ್ರಿ ಸೆಲ್ಸಿಯಸ್‌ಗಿಂತ ಬಿಸಿಯಿರುವ ಸೆಲ್ಲಿಗೆ ಚಾರ್ಜ್ ಕೊಟ್ಟರೆ ಆಯುಷ್ಯ ಬೇಗ ಮುಗಿಯುತ್ತದೆ. ಬಿಸಿಲಲ್ಲಿ ನಿಂತ ಜೀಪಿನೊಳಗೆ ಬಿಟ್ಟಿದ್ದ ಟಾರ್ಚಿಗೂ ಇದೇ ಮಾತು.

ಪ್ರಶ್ನೆ: ರಾತ್ರಿ ತ್ರೀ ಫೇಸ್ ಬಂದಾಗ ಪಂಪ್ ಹಾಕಲು ಹೋಗಲು ಎರಡು ಪಿನ್ನಿನ ಸಣ್ಣ ಟಾರ್ಚ್ ಇದೆ. 4 ವೋಲ್ಟ್ ಬ್ಯಾಟರಿ ಬದಲು 18650 ಹಾಕಿದ್ದೇನೆ. ನೇರ ಗೋಡೆ ಪ್ಲಗ್ಗಿಗೆ ಚುಚ್ಚುತ್ತೇನೆ. ಬಿಸಿ ಏನೂ ಇಲ್ಲ. ತೊಂದರೆ ಇದೆಯೇ?
— ಓದುಗರು, ಹಾವೇರಿ

ಉತ್ತರ: ಇದೆ. ಇಂಥ ಅಗ್ಗದ ಟಾರ್ಚುಗಳಲ್ಲಿ ಬಹಳಷ್ಟಕ್ಕೆ ಒಳಗಿರುವುದು ಒಂದು ಕೆಪಾಸಿಟರ್, ನಾಲ್ಕು ಡಯೋಡ್, ಅಷ್ಟೇ. ಕರೆಂಟ್ ಸಣ್ಣದು, 105 ಎಂದು ಬರೆದ ಕೆಪಾಸಿಟರ್ ಆದರೆ ಸುಮಾರು 70 ಮಿಲಿಆಂಪಿಯರ್. ಅದಕ್ಕೇ ಬಿಸಿ ಕಾಣುವುದಿಲ್ಲ. ಆದರೆ 4.2ಕ್ಕೆ ನಿಲ್ಲಿಸುವವರು ಯಾರೂ ಇಲ್ಲ, ದಿನಾ ರಾತ್ರಿ ಚುಚ್ಚಿಟ್ಟರೆ ನಿಧಾನವಾಗಿ ದಾಟಿ ಹೋಗುತ್ತದೆ. ಮೇಲಾಗಿ ಒಳಗಿನ ತಂತಿಗಳು ನೇರ 230 ವೋಲ್ಟಿಗೆ ಸೇರಿರುತ್ತವೆ, ಬಿರುಕು ಬಿಟ್ಟ ಟಾರ್ಚನ್ನು ಒದ್ದೆ ಕೈಯಲ್ಲಿ ಮುಟ್ಟಿದರೆ ಶಾಕ್ ಹೊಡೆಯಬಹುದು. ಆ ಬೋರ್ಡನ್ನೂ ಪಿನ್ನನ್ನೂ ಕಿತ್ತು ಹಾಕಿಸಿ, ಪ್ರೊಟೆಕ್ಷನ್ ಇರುವ ಟಿಪಿ4056 ಎಂಬ ಲಿಥಿಯಂ ಚಾರ್ಜಿಂಗ್ ಬೋರ್ಡ್ ಕೂರಿಸಿ. ಕಡಿಮೆ ಬೆಲೆಯದು. ಆಮೇಲೆ ಮೊಬೈಲ್ ಚಾರ್ಜರಿನಿಂದಲೇ ಚಾರ್ಜ್ ಮಾಡಬಹುದು. ಆ ಬೋರ್ಡು 1 ಆಂಪಿಯರ್‌ನಲ್ಲಿ ತಾನೇ ಬಿಸಿಯಾಗುತ್ತದೆ, ಸೆಲ್ಲಿಗೆ ತಾಗದಂತೆ ಇಡಿ.