ಓಟಿ ಬಿಟ್ಟು ಮನೆಗೆ ಹೋದದ್ದಕ್ಕೆ ರಾಜೀನಾಮೆ ಕೇಳಿದರು

ಹೆಸರು, ಗುರುತು ಬದಲಿಸಿದ್ದೇನೆ. ಇವರನ್ನು ಸರೋಜ ಅನ್ನೋಣ. ಬೆಂಗಳೂರಿನ ಹೊರಗಿನ ಒಂದು ಗಾರ್ಮೆಂಟ್ಸ್‌ನಲ್ಲಿ ಟೈಲರ್. ಒಂದು ಭಾನುವಾರ ಬೆಳಗ್ಗೆ ಸಲಹೆ ಕೇಳಲು ನನ್ನ ಬಳಿ ಬಂದು ಕೂತರು. ಮಾತಿಗೆ ಮೊದಲು ಊಟದ ಬ್ಯಾಗಿನಿಂದ ನಾಲ್ಕಾಗಿ ಮಡಚಿದ ಹಾಳೆ ತೆಗೆದು ಮೇಜಿನ ಮೇಲಿಟ್ಟರು. ಮೂಲೆಯಲ್ಲಿ ಸಾರಿನ ಕಲೆ. 'ವೈಯಕ್ತಿಕ ಕಾರಣಗಳಿಂದ ರಾಜೀನಾಮೆ ನೀಡುತ್ತಿದ್ದೇನೆ' ಎಂದು ಟೈಪ್ ಮಾಡಿತ್ತು. ಸಹಿಯ ಜಾಗ ಮಾತ್ರ ಖಾಲಿ.

ಆ ವಾರ ಶಿಪ್‌ಮೆಂಟ್ ಇತ್ತಂತೆ. ಸಂಜೆ ಐದೂವರೆಗೆ ಶಿಫ್ಟ್ ಮುಗಿಯುವ ಹೊತ್ತಿಗೆ ಸೂಪರ್‌ವೈಸರ್ ಬಂದು, ಎಲ್ಲರೂ ಎಂಟರ ತನಕ ಓಟಿ, ಅಂದರೆ ಶಿಫ್ಟ್ ಮೀರಿದ ಹೆಚ್ಚುವರಿ ಕೆಲಸ, ಮಾಡಬೇಕು ಎಂದರು. ಮನೆಯಲ್ಲಿ ಆರು ವರ್ಷದ ಮಗಳಿಗೆ ಜ್ವರ ಏರಿತ್ತು. ಅತ್ತೆಯಿಂದ ಮೂರು ಸಲ ಫೋನ್ ಬಂದಿತ್ತು. ಸರೋಜ ಹೇಳಿಯೇ ಹೊರಟರು. ಮರುದಿನ ಅರ್ಧ ದಿನದ ಸಂಬಳ ಕಟ್ ಎಂದರು, ಜೊತೆಗೆ ಈ ಹಾಳೆ ಕೊಟ್ಟರು.

"ನಾನು ತಪ್ಪು ಮಾಡಿಬಿಟ್ಟೆ ಅಲ್ವಾ ಮೇಡಂ?" ಎಂದು ಮೂರು ಸಲ ಕೇಳಿದರು. ಇಲ್ಲ ಎಂದೆ. ಜ್ವರದ ಮಗು ಇದ್ದಾಗ ತಾಯಿ ಮನೆಗೆ ಹೋಗುವುದು ತಪ್ಪಲ್ಲ. ಅದನ್ನು ಮೊದಲು ಅವರ ಮನಸ್ಸಿಗೆ ಮುಟ್ಟಿಸಬೇಕಿತ್ತು. ಯಾಕೆಂದರೆ ತಪ್ಪಿತಸ್ಥೆ ಎಂದುಕೊಂಡವರು ಯಾವ ಹಾಳೆಗೂ ಸಹಿ ಹಾಕಿಬಿಡುತ್ತಾರೆ.

ನಂತರ ಎಷ್ಟು ವರ್ಷದ ಸರ್ವಿಸ್ ಎಂದು ಕೇಳಿದೆ. ನಾಲ್ಕು ವರ್ಷ ಏಳು ತಿಂಗಳು. ನನಗೆ ಎದೆ ಧಸಕ್ಕೆಂದಿತು. ಕಾಯಂ ಕೆಲಸಗಾರರಿಗೆ ಗ್ರಾಚ್ಯುಟಿ, ಅಂದರೆ ಕೆಲಸ ಬಿಡುವಾಗ ಕಂಪನಿ ಕೊಡುವ ಇಡುಗಂಟು, ಸಿಗಬೇಕಾದರೆ ಐದು ವರ್ಷ ಆಗಬೇಕು. ಈಗ ಸಹಿ ಹಾಕಿದರೆ ಆ ಹಣ ಕೈತಪ್ಪುವ ಅಪಾಯ ಇತ್ತು. ಸರೋಜರಿಗೆ ಅದು ಗೊತ್ತೇ ಇರಲಿಲ್ಲ.

ಕಾನೂನನ್ನು ಇದ್ದ ಹಾಗೇ ಹೇಳಿದೆ. ಮಗುವಿಗೆ ಹುಷಾರಿಲ್ಲ ಎಂದರೆ ಕೊಡಲೇಬೇಕಾದ ಪ್ರತ್ಯೇಕ ರಜೆ ಕಾರ್ಖಾನೆ ಕೆಲಸಗಾರರಿಗೆ ಕಾನೂನಿನಲ್ಲಿ ಇಲ್ಲ. ಇದು ನನಗೆ ಬೇಸರದ ವಿಷಯ. ಆದರೆ ಓಟಿಯ ಮಾತೇ ಬೇರೆ. 2025ರ ನವೆಂಬರ್ 21ರಿಂದ ಜಾರಿಯಲ್ಲಿರುವ ಹೊಸ ಕಾರ್ಮಿಕ ಸಂಹಿತೆಗಳ ಪ್ರಕಾರ ಓಟಿ ಮಾಡಿಸಲು ಕೆಲಸಗಾರರ ಒಪ್ಪಿಗೆ ಬೇಕು, ಸಂಬಳ ದುಪ್ಪಟ್ಟು ಕೊಡಬೇಕು. ಸಂಜೆ ಏಳರ ನಂತರ ಹೆಂಗಸರನ್ನು ಕೆಲಸಕ್ಕೆ ಇರಿಸಿಕೊಳ್ಳಲೂ ಅವರ ಒಪ್ಪಿಗೆ ಬೇಕು. ಸರೋಜ ಅಂದು ತಮ್ಮ ಶಿಫ್ಟ್ ಪೂರ್ತಿ ಮಾಡಿದ್ದರು. ಗೈರಿನ ಕಡಿತ ಎಂದರೆ ಇರಬೇಕಾದ ಹೊತ್ತಿನಲ್ಲಿ ಇರದಿದ್ದಷ್ಟಕ್ಕೆ ಮಾತ್ರ. ಮಾಡದ ಓಟಿಗೆ ಓಟಿ ದುಡ್ಡು ಸಿಗುವುದಿಲ್ಲ, ಸರಿ. ಮಾಡಿದ ಶಿಫ್ಟಿನ ಸಂಬಳಕ್ಕೆ ಕೈ ಹಾಕುವಂತಿಲ್ಲ. ದಂಡ ಎಂದು ಹಾಕಿದರೂ ಮೊದಲು ಅವರ ಮಾತು ಕೇಳಬೇಕು, ಅದೂ ಆ ತಿಂಗಳ ಸಂಬಳದ ಶೇಕಡಾ 3 ದಾಟಬಾರದು.

ಒಂದು ಕೊರತೆ ಇತ್ತು. ಸರೋಜ ಬಾಯಲ್ಲಿ ಹೇಳಿದ್ದರು, ಬರೆದಿರಲಿಲ್ಲ. ಹಾಗಾಗಿ ಅಲ್ಲೇ ಕೂತು ಅರ್ಧ ಪುಟದ ಪತ್ರ ಬರೆಸಿದೆ. ಎಷ್ಟು ಗಂಟೆಗೆ ಯಾರಿಗೆ ಹೇಳಿದೆ, ಯಾಕೆ ಹೋದೆ, ಶಿಫ್ಟ್ ಮುಗಿಸಿಯೇ ಹೋದೆ, ಇಷ್ಟೇ. ಆಸ್ಪತ್ರೆಯ ಚೀಟಿಯ ಜೆರಾಕ್ಸ್ ಜೊತೆಗಿಟ್ಟೆವು. ಎರಡು ಪ್ರತಿ ಒಯ್ಯಿರಿ, ಒಂದರ ಮೇಲೆ ಎಚ್‌ಆರ್‌ನಿಂದ ತಾರೀಖು ಹಾಕಿದ ಸಹಿ ತನ್ನಿ ಎಂದೆ. ತೆಗೆದುಕೊಳ್ಳದಿದ್ದರೆ ಅಂಚೆ ಕಚೇರಿಗೆ ಹೋಗಿ ರಿಜಿಸ್ಟರ್ ಮಾಡಿ. ಇನ್ನು ಮುಂದೆ ಹೀಗಾದರೆ ಹೊರಡುವ ಮೊದಲು ಸೂಪರ್‌ವೈಸರ್‌ಗೆ ಒಂದು ಮೆಸೇಜ್ ಹಾಕಿ. ರಾಜೀನಾಮೆಗೆ ಮಾತ್ರ ಯಾರು ಎಷ್ಟೇ ಗದರಿದರೂ ಸಹಿ ಬೇಡ. ಗೇಟಿನಲ್ಲಿ ತಡೆದರೆ ಅವತ್ತೇ ನನಗೆ ಫೋನ್ ಮಾಡಿ, ಬನ್ನೇರುಘಟ್ಟ ರಸ್ತೆಯ ಕಾರ್ಮಿಕ ಭವನಕ್ಕೆ, ಅಂದರೆ ಕಾರ್ಮಿಕ ಇಲಾಖೆಯ ಕಚೇರಿಗೆ, ಜೊತೆಗೆ ಬರುತ್ತೇನೆ ಎಂದೆ.

ಅಲ್ಲಿಗೆ ಹೋಗುವ ಅಗತ್ಯ ಬೀಳಲಿಲ್ಲ. ಪತ್ರದ ಮೇಲೆ ಸೀಲು ಬಿತ್ತು. ಕಟ್ ಆದ ಹಣ ಮುಂದಿನ ಸಂಬಳದಲ್ಲಿ ವಾಪಸ್ ಬಂತು. ಅವರನ್ನು ಬೇರೆ ಲೈನಿಗೆ ಹಾಕಿದ್ದಾರೆ, ಅದರ ಬಗ್ಗೆ ಇನ್ನೂ ಮಾತಾಡುತ್ತಿದ್ದೇವೆ. ಐದು ವರ್ಷ ತುಂಬುವ ತಾರೀಖನ್ನು ಸರೋಜ ಅಡುಗೆಮನೆಯ ಕ್ಯಾಲೆಂಡರ್‌ನಲ್ಲಿ ಕೆಂಪು ಪೆನ್ನಿನಿಂದ ಗುರುತು ಹಾಕಿಕೊಂಡಿದ್ದಾರೆ.