ಯಾರಿಗೂ ತಾಗದ ಬಾಂಬು

ಪತ್ರ (ಆಯ್ದ ಭಾಗ): "ನಾನು ಎಂಜಿನಿಯರಿಂಗ್ ಕೊನೆಯ ವರ್ಷದ ವಿದ್ಯಾರ್ಥಿ. 'ಟೆರರ್ ಇನ್ ರೆಸೊನೆನ್ಸ್' ಅನ್ನುವ ಜಪಾನಿ ಅನಿಮೆ (ಕಾರ್ಟೂನ್) ಸರಣಿಯನ್ನು ಹಾಸ್ಟೆಲ್ ಗೆಳೆಯರೆಲ್ಲ ಸೇರಿ ಒಂದೇ ರಾತ್ರಿಯಲ್ಲಿ ನೋಡಿ ಮುಗಿಸಿದೆವು. ಟೋಕಿಯೊದಲ್ಲಿ ಬಾಂಬ್ ಇಡುವ ಇಬ್ಬರು ಹುಡುಗರ ಕಥೆ. ಅರ್ಧ ಜನ ಕೊನೆಯಲ್ಲಿ ಅತ್ತೆವು. ಉಳಿದರ್ಧ ಜನ 'ಟೆರರಿಸ್ಟ್‌ಗಳಿಗೆ ಅಳ್ತೀರಲ್ರೋ' ಅಂತ ಜಗಳ ತೆಗೆದರು. ಊರಿಗೆ ಹೋದಾಗ ನಮ್ಮ ಸೋದರಮಾವನಿಗೂ ತೋರಿಸಿದೆ. ಪೊಲೀಸ್ ಕೆಲಸದಿಂದ ರಿಟೈರ್ ಆದವರು. ಎರಡು ಕಂತು ನೋಡಿ 'ಸಾಕು ಬಿಡೋ' ಅಂತ ಎದ್ದು ಹೋದರು. ಮಾವನಿಗೆ ಕಲೆ ಅರ್ಥ ಆಗಲ್ವೋ, ನಮಗೆ ಬುದ್ಧಿ ಇಲ್ವೋ, ನೀವೇ ಹೇಳಿ." — ತುಮಕೂರಿನ ಓದುಗರೊಬ್ಬರು (ಹೆಸರು ಬೇಡ ಎಂದಿದ್ದಾರೆ)

ಸಂಪಾದಕರ ಉತ್ತರ:

ಮೊದಲು ಮಾವನವರಿಗೆ ನನ್ನ ನಮಸ್ಕಾರ ತಿಳಿಸಿ.

ಅತ್ತಿದ್ದಕ್ಕೆ ನೀವು ನಾಚಿಕೊಳ್ಳಬೇಕಾಗಿಲ್ಲ. ತಪ್ಪು ಮಾಡಿದವನ ಕಥೆ ಕೇಳಿ ಕಣ್ಣು ಒದ್ದೆಯಾಗೋದು ಮನುಷ್ಯರಿಗೆ ಸಹಜ. ಇಂಥದ್ದನ್ನು ನೋಡಲೇಬಾರದು ಅನ್ನುವವರ ಪೈಕಿ ನಾನಲ್ಲ. 2015ರಲ್ಲಿ ಚೀನಾ ಸರ್ಕಾರ 38 ಅನಿಮೆ ಮತ್ತು ಮಾಂಗಾಗಳ (ಜಪಾನಿ ಚಿತ್ರಕಥೆಗಳ) ಕಪ್ಪುಪಟ್ಟಿ ಮಾಡಿತು. ಅದರಲ್ಲಿ ನಿಮ್ಮ ಈ ಸರಣಿಯೂ ಇತ್ತು. ಅದರಿಂದ ಅಲ್ಲಿನ ಹುಡುಗರ ಕುತೂಹಲ ಇನ್ನಷ್ಟು ಜಾಸ್ತಿ ಆಗಿರುತ್ತೆ, ಅಷ್ಟೇ. ಇಷ್ಟು ನಿಮ್ಮ ಪರವಾಗಿ ಹೇಳಿದ್ದಾಯಿತು. ಇನ್ನು ಮುಂದೆ ನಾನು ಮಾವನ ಕಡೆ.

ನಾನೂ ಇದನ್ನು ನೋಡಿದ್ದೇನೆ. ಮಗಳು ಪಕ್ಕದಲ್ಲಿ ಕೂರಿಸಿಕೊಂಡು ತೋರಿಸಿದಳು. 2014ರಲ್ಲಿ ಫುಜಿ ಟಿವಿಯಲ್ಲಿ ಬಂದ ಹನ್ನೊಂದು ಕಂತುಗಳ ಸರಣಿ. ನಿರ್ದೇಶಕ ಶಿನಿಚಿರೊ ವತನಬೆ ಕೈ ಪಳಗಿದವರು. ಯೋಕೊ ಕನ್ನೊ ಅವರ ಸಂಗೀತಕ್ಕೆ ನಾನೂ ಸೋತೆ, ಸುಳ್ಳು ಹೇಳಲಾರೆ. ನೋಡದ ಓದುಗರಿಗಾಗಿ ಕಥೆಯನ್ನು ಎರಡು ಮಾತಲ್ಲಿ ಹೇಳುತ್ತೇನೆ. ನೈನ್, ಟ್ವೆಲ್ವ್ ಅನ್ನುವ ಇಬ್ಬರು ಹುಡುಗರು. ಚಿಕ್ಕವರಿದ್ದಾಗ ಅವರನ್ನು ಒಂದು ಗುಟ್ಟಿನ ಸಂಸ್ಥೆಯಲ್ಲಿ ಕೂಡಿಹಾಕಿ ಪ್ರಯೋಗಕ್ಕೆ ಬಳಸಿದ್ದಾರೆ. ಅದನ್ನು ಲೋಕಕ್ಕೆ ತೋರಿಸಬೇಕು ಅಂತ ಅವರು ಪ್ಲುಟೋನಿಯಂ ಕದಿಯುತ್ತಾರೆ, ಊರ ತುಂಬ ಬಾಂಬ್ ಇಡುತ್ತಾರೆ, ಪೊಲೀಸರಿಗೆ ಒಗಟು ಹಾಕುತ್ತಾರೆ. ಕೊನೆಗೆ ಇಬ್ಬರೂ ಸಾಯುತ್ತಾರೆ. ಇಂಥ ಮಕ್ಕಳಿಗೆ ಮರುಗದವನು ಕಲ್ಲು.

ಆದರೆ ಒಂದು ವಿಷಯ ಗಮನಿಸಿದಿರಾ? ಮೊದಲ ಕಂತಿನಲ್ಲಿ ಟೋಕಿಯೊ ಮಹಾನಗರ ಸರ್ಕಾರದ ಕಟ್ಟಡ ಸ್ಫೋಟದಲ್ಲಿ ಕುಸಿಯುತ್ತೆ. ಶಿಂಜುಕುವಿನಲ್ಲಿರುವ, ಕೆಂಜೊ ತಂಗೆ ವಿನ್ಯಾಸ ಮಾಡಿದ, 243 ಮೀಟರ್ ಎತ್ತರದ ಅವಳಿ ಗೋಪುರದ ಕಟ್ಟಡ ಅದು. ಹಾಡುಹಗಲು, ಒಳಗೆ ಶಾಲಾ ಮಕ್ಕಳೂ ಇದ್ದಾರೆ. ಸತ್ತವರೆಷ್ಟು? ಒಬ್ಬರೂ ಇಲ್ಲ. ಮುಂದಿನ ಬಾಂಬುಗಳಲ್ಲೂ ಅಷ್ಟೇ. ಕೊನೆಗೆ ಅಣುಬಾಂಬೇ ಸಿಡಿಯುತ್ತೆ, ಅದೂ ಆಕಾಶದಲ್ಲಿ ಎಲ್ಲೋ ಮೇಲೆ. ಕರೆಂಟು ಹೋಗುತ್ತೆ, ಸುಂದರವಾದ ಬೆಳಕು ಹರಡುತ್ತೆ, ಜನ ತಲೆ ಎತ್ತಿ ನೋಡುತ್ತಾರೆ. ಆ ರಾತ್ರಿ ಡಯಾಲಿಸಿಸ್ ಮೆಷಿನ್ನಿಗೆ ಕೈ ಕೊಟ್ಟು ಮಲಗಿದ್ದವರ ಕಡೆ ಕ್ಯಾಮೆರಾ ಹೋಗುವುದೇ ಇಲ್ಲ.

ನನಗೆ ಸಿಟ್ಟು ಬಂದಿದ್ದು ಇಲ್ಲಿ. ಹುಡುಗರನ್ನು ಒಳ್ಳೆಯವರನ್ನಾಗಿ ತೋರಿಸಿದ್ದಕ್ಕಲ್ಲ. ಅವರು ಇಟ್ಟ ಬಾಂಬುಗಳನ್ನೂ ಒಳ್ಳೆಯ ಬಾಂಬುಗಳನ್ನಾಗಿ ಮಾಡಿದರಲ್ಲ, ಅದಕ್ಕೆ. ನಡುವಿನ ಒಂದು ಕಂತಿನಲ್ಲಿ ಫೋನ್ ನೆಟ್‌ವರ್ಕ್ ಬಂದ್ ಮಾಡಿಸಿದಾಗ ಮೆಟ್ರೊದಲ್ಲಿಟ್ಟ ಬಾಂಬು ಹುಡುಗರ ಕೈ ಮೀರುತ್ತೆ. ನಾನು ನೆಟ್ಟಗೆ ಕೂತೆ, ಈಗ ಕಥೆ ಶುರುವಾಯಿತು ಅಂತ. ಇಲ್ಲ. ತಪ್ಪೆಲ್ಲ ನೆಟ್‌ವರ್ಕ್ ಬಂದ್ ಮಾಡಿಸಿದ ಫೈವ್ ಅನ್ನುವ ಹುಡುಗಿಯ ತಲೆಗೆ ಹೋಯಿತು. ಅದೇ ಸಂಸ್ಥೆಯಲ್ಲಿ ಬೆಳೆದು ಈಗ ಹುಡುಗರ ಬೆನ್ನು ಹತ್ತಿದವಳು ಅವಳು. ನಮ್ಮ ಹುಡುಗರ ಕೈ ಮತ್ತೆ ಶುದ್ಧ. ನೋಡಿದವರಲ್ಲಿ ಅನೇಕರು 'ಫೈವ್ ಬಂದಮೇಲೆ ಸರಣಿ ಕೆಟ್ಟಿತು' ಅಂತ ಗೊಣಗುತ್ತಾರೆ. ನನ್ನ ಪ್ರಕಾರ ಅವಳನ್ನು ತಂದಿದ್ದೇ ಈ ಕೈ ತೊಳೆಯುವ ಕೆಲಸಕ್ಕೆ. ಲೀಸಾ ಕಥೆಯೂ ಹಾಗೇ. ಕಟ್ಟಡದೊಳಗೆ ಸಿಕ್ಕಿಕೊಂಡ ಹುಡುಗಿಗೆ 'ಇಲ್ಲೇ ಸಾಯ್ತೀಯೋ, ನಮ್ಮ ಜೊತೆ ಸೇರ್ತೀಯೋ' ಅಂತ ಟ್ವೆಲ್ವ್ ಕೇಳುತ್ತಾನೆ. ನಿಮ್ಮ ಮಾವನ ಠಾಣೆಯಲ್ಲಿ ಇದನ್ನು ಬೆದರಿಕೆ ಅಂತ ಬರೆದುಕೊಳ್ಳುತ್ತಿದ್ದರು. ನೀವು ಇದನ್ನೇ 'ಮನಸ್ಸು ಕರಗಿಸುವ ಪ್ರೇಮ' ಅಂತ ಬರೆದಿದ್ದೀರಿ.

ಹಾಗಾದರೆ ಯಾರಿಗೂ ತಾಗದಂತೆ ಬಾಂಬ್ ಇಡಲು ನಿಜವಾಗಿ ಪ್ರಯತ್ನಿಸಿದವರು ಇಲ್ಲವೇ? ಜಪಾನಿನಲ್ಲೇ ಇದ್ದರು. 1974ರ ಆಗಸ್ಟ್ 30. ಟೋಕಿಯೊದ ಮರುನೊಉಚಿಯಲ್ಲಿ ಮಿತ್ಸುಬಿಷಿ ಹೆವಿ ಇಂಡಸ್ಟ್ರೀಸ್ ಕಚೇರಿ ಮುಂದೆ ಬಾಂಬ್ ಇಟ್ಟವರು ಎಳೆಯ ವಯಸ್ಸಿನವರು, ಓದಿದವರು. ಸಾಮ್ರಾಜ್ಯಶಾಹಿಗೆ ಪಾಠ ಕಲಿಸಬೇಕು ಅಂತ ಹೊರಟಿದ್ದರು. ಫೋನ್ ಮಾಡಿ ಎಚ್ಚರಿಸಿಯೂ ಇದ್ದರು. ಜನ ಸರಿಯುವಷ್ಟು ಹೊತ್ತು ಉಳಿದಿರಲಿಲ್ಲ. ಮಧ್ಯಾಹ್ನದ ಊಟದ ಸಮಯ, ರಸ್ತೆ ತುಂಬ ಜನ. ಅಕ್ಕಪಕ್ಕದ ಕಟ್ಟಡಗಳ ಗಾಜು ಮೇಲಿಂದ ಸುರಿಯಿತು. 8 ಮಂದಿ ಸತ್ತರು, 370ಕ್ಕೂ ಹೆಚ್ಚು ಮಂದಿಗೆ ಗಾಯ. ಆಮೇಲೆ ಆ ಗುಂಪು ಒಂದು ಹೇಳಿಕೆ ಕೊಟ್ಟಿತು: ಸತ್ತವರು ಅಮಾಯಕ ಜನಸಾಮಾನ್ಯರಲ್ಲ, ಅವರೂ ಶೋಷಣೆಯ ಪಾಲುದಾರರೇ ಅಂತ. ಬಾಂಬು ಲೆಕ್ಕ ತಪ್ಪಿದಾಗ ಸತ್ತವರನ್ನೇ ತಪ್ಪಿತಸ್ಥರನ್ನಾಗಿ ಮಾಡಬೇಕಾಗುತ್ತೆ. ನೈನ್ ಮತ್ತು ಟ್ವೆಲ್ವ್‌ಗೆ ಇಂಥ ಹೇಳಿಕೆ ಬರೆಯುವ ಕಷ್ಟ ಒಮ್ಮೆಯೂ ಬರಲಿಲ್ಲ. ಬಂದಿದ್ದರೆ ನಿಮ್ಮ ಹಾಸ್ಟೆಲ್ ಜಗಳಕ್ಕೆ ಒಂದು ತೂಕ ಇರುತ್ತಿತ್ತು.

ಆ ಅವಳಿ ಗೋಪುರಕ್ಕೂ ನಿಜವಾದ ಬಾಂಬು ಬಂದಿತ್ತು, ಅಂಚೆಯಲ್ಲಿ. 1995ರ ಮೇ 16, ಓಮ್ ಶಿನ್ರಿಕ್ಯೊ ಪಂಥದ ಗುರುವನ್ನು ಬಂಧಿಸಿದ ದಿನ. ಪಂಥದವರು ಗವರ್ನರ್ ಹೆಸರಿಗೆ ಒಂದು ಪೊಟ್ಟಣ ಕಳಿಸಿದ್ದರು. ಅದನ್ನು ಬಿಡಿಸಿದ್ದು ಕಚೇರಿಯ ಸಹಾಯಕ. ಎಡಗೈ ಬೆರಳುಗಳು ಹೋದವು. ಬಂದ ಟಪಾಲು ಬಿಡಿಸುವುದು ಅವರ ದಿನನಿತ್ಯದ ಕೆಲಸ, ಅಷ್ಟೇ.

ಅದಕ್ಕೂ ಎರಡು ತಿಂಗಳು ಮೊದಲು ಇದೇ ಪಂಥದವರು ಮೆಟ್ರೊ ರೈಲುಗಳಲ್ಲಿ ಸರಿನ್ ವಿಷ ಬಿಟ್ಟಿದ್ದರು. ಪೇಪರಿನಲ್ಲಿ ಸುತ್ತಿದ ಪ್ಲಾಸ್ಟಿಕ್ ಚೀಲಗಳನ್ನು ಚೂಪು ಮಾಡಿದ ಕೊಡೆಯ ತುದಿಯಿಂದ ಚುಚ್ಚಿ ಇಳಿದು ಹೋದರು. ಹಾಗೆ ಚುಚ್ಚಿದವರಲ್ಲಿ ಒಬ್ಬ ಹೃದಯದ ಡಾಕ್ಟರ್, ಇನ್ನೊಬ್ಬ ಟೋಕಿಯೊ ವಿಶ್ವವಿದ್ಯಾಲಯದಲ್ಲಿ ಭೌತಶಾಸ್ತ್ರ ಓದಿದವನು. ಇಂಥ ಬುದ್ಧಿವಂತರು ಹೀಗೇಕಾದರು ಅಂತ ಜಪಾನಿನ ಪತ್ರಿಕೆಗಳು ತಿಂಗಳುಗಟ್ಟಲೆ ಬರೆದವು. ಲೇಖಕ ಹರುಕಿ ಮುರಾಕಮಿ ಅದೇ ದಿನಗಳಲ್ಲಿ ಒಂದು ಮಹಿಳಾ ಪತ್ರಿಕೆ ತಿರುವಿ ಹಾಕುತ್ತಿದ್ದರು. ಅದರ ಓದುಗರ ಪತ್ರಗಳಲ್ಲಿ (ನಮ್ಮಂಥದ್ದೇ ಪುಟ ಸ್ವಾಮಿ, ಸುಮ್ನೆ ಅಂದುಕೊಳ್ಳಬೇಡಿ) ಒಬ್ಬ ಹೆಂಗಸಿನ ಪತ್ರ ಕಣ್ಣಿಗೆ ಬಿತ್ತು. ಗಂಡನಿಗೆ ಸರಿನ್ ತಾಗಿ ಮೊದಲಿನಂತೆ ಕೆಲಸ ಮಾಡಲಾಗುತ್ತಿಲ್ಲ, ಆಫೀಸಿನಲ್ಲಿ ಚುಚ್ಚುಮಾತು ತಡೆಯಲಾರದೆ ಕೆಲಸ ಬಿಟ್ಟರು ಅಂತ. ಆ ಪತ್ರ ಅವರನ್ನು ಬಿಡಲಿಲ್ಲ. ಸುಮಾರು 60 ಮಂದಿ ಸಂತ್ರಸ್ತರನ್ನು ಹುಡುಕಿ ಮಾತಾಡಿಸಿ 1997ರಲ್ಲಿ 'ಅಂಡರ್‌ಗ್ರೌಂಡ್' ತಂದರು. ಪಂಥದವರನ್ನು ಮಾತಾಡಿಸಿದ್ದು ಆಮೇಲೆ. ಈ ಸರದಿ ನನಗೆ ಬಹಳ ಮುಖ್ಯ ಅನಿಸುತ್ತೆ.

ಆ ಪುಸ್ತಕದಲ್ಲಿ ಆಸ್ಪತ್ರೆಯಲ್ಲಿರುವ ಒಬ್ಬ ಹೆಣ್ಣುಮಗಳಿದ್ದಾಳೆ. ಸರಿಯಾಗಿ ಮಾತು ಬರುವುದಿಲ್ಲ. ಎಲ್ಲಿಗೆ ಹೋಗಬೇಕು ಅಂತ ಕೇಳಿದರೆ ಕಷ್ಟಪಟ್ಟು ಒಡೆದ ಅಕ್ಷರಗಳಲ್ಲಿ 'ಡಿಸ್ನಿಲ್ಯಾಂಡ್' ಅನ್ನುತ್ತಾಳೆ. ಆಕೆ ತೀರಿಕೊಂಡಿದ್ದು 2020ರಲ್ಲಿ. ನಡುವೆ 25 ವರ್ಷ.

ತಪ್ಪಿತಸ್ಥನಿಗೆ ಕನಿಕರ ತೋರಿಸುವುದನ್ನು ನಮಗೆ ಜಪಾನಿನವರು ಕಲಿಸಬೇಕಾಗಿಲ್ಲ. ರನ್ನನ 'ಗದಾಯುದ್ಧ' ಓದಿದವರಿಗೆ ದುರ್ಯೋಧನನ ಮೇಲೆ ಮರುಕ ಹುಟ್ಟದೆ ಇರುತ್ತಾ? ಆದರೆ ರನ್ನ ಏನು ಮಾಡಿದ ನೋಡಿ. ಅವನನ್ನು ರಣಭೂಮಿಯ ನಡುವೆ ನಡೆಸಿದ. ಹೆಣಗಳನ್ನು ದಾಟಿಸುತ್ತ, ದ್ರೋಣ, ಅಭಿಮನ್ಯು, ಮಗ ಲಕ್ಷಣ, ತಮ್ಮ ದುಶ್ಶಾಸನ, ಗೆಳೆಯ ಕರ್ಣ, ಒಬ್ಬೊಬ್ಬರ ಮುಂದೆಯೂ ನಿಲ್ಲಿಸಿದ. ಯಾರ ಹಟದಿಂದ ಇದೆಲ್ಲ ಆಯಿತು ಅನ್ನುವುದು ಅವನಿಗೂ ಕಾಣುತ್ತೆ, ನಮಗೂ ಕಾಣುತ್ತೆ. ಆಮೇಲೂ ಮರುಕ ಉಳಿಯುತ್ತಲ್ಲ, ಅದು ಗಟ್ಟಿ ಮರುಕ. ಹೆಣಗಳನ್ನು ಬಚ್ಚಿಟ್ಟು ಪಡೆದ ಕಣ್ಣೀರು ಸಾಲ ಬರೆಸಿಕೊಳ್ಳದ ಅಂಗಡಿಯಿದ್ದಂತೆ, ಎಲ್ಲವೂ ಪುಕ್ಕಟೆ.

ನಿಮ್ಮ ಗೆಳೆಯರು 'ಆ ಹುಡುಗರು ಯಾರನ್ನೂ ಕೊಲ್ಲದಂತೆ ಎಚ್ಚರ ವಹಿಸಿದ್ದರು' ಅಂತ ವಾದಿಸಿದರಂತೆ. ಇದು ಹಳೆಯ ವಾದ. 1905ರ ಫೆಬ್ರವರಿಯಲ್ಲಿ ಮಾಸ್ಕೋದಲ್ಲಿ ಇವಾನ್ ಕಲ್ಯಾಯೆವ್ ಅನ್ನುವ ಕ್ರಾಂತಿಕಾರಿ ರಷ್ಯಾ ಚಕ್ರವರ್ತಿಯ ಚಿಕ್ಕಪ್ಪ ಗ್ರ್ಯಾಂಡ್ ಡ್ಯೂಕ್ ಸೆರ್ಗೆಯ್ ಮೇಲೆ ಎಸೆಯಲು ಬಾಂಬ್ ಹಿಡಿದು ನಿಂತ. ಸಾರೋಟಿನಲ್ಲಿ ಡ್ಯೂಕನ ಹೆಂಡತಿ, ತಮ್ಮನ ಮಕ್ಕಳಿಬ್ಬರು ಕಂಡರು. ಎಸೆಯಲಿಲ್ಲ. ಎರಡು ದಿನ ಬಿಟ್ಟು ಡ್ಯೂಕ್ ಒಬ್ಬನೇ ಬಂದಾಗ ಎಸೆದ. ಫ್ರೆಂಚ್ ಲೇಖಕ ಆಲ್ಬೆರ್ ಕಮೂ ಇದರ ಮೇಲೇ ನಾಟಕ ಬರೆದರು. ಮಕ್ಕಳನ್ನು ಉಳಿಸಿದ ಆ ಕ್ಷಣವನ್ನು ನೂರು ವರ್ಷದಿಂದ ಎಲ್ಲರೂ ಕೊಂಡಾಡುತ್ತಾರೆ. ಸರಿ, ಒಪ್ಪೋಣ. ಆದರೆ 'ಡ್ಯೂಕ್ ಒಬ್ಬನೇ' ಅಂದೆನಲ್ಲ, ಹಾಗೇ ಹೇಳಿ ನಮಗೆ ರೂಢಿ. ಸಾರೋಟು ತಾನಾಗಿ ಓಡುತ್ತಿರಲಿಲ್ಲ. ಅದನ್ನು ಓಡಿಸುತ್ತಿದ್ದವನಿಗೂ ಗಾಯವಾಗಿ ಕೆಲವು ದಿನಗಳಲ್ಲಿ ಅವನೂ ಸತ್ತ. ಅವನ ಮೇಲೆ ಯಾರೂ ನಾಟಕ ಬರೆಯಲಿಲ್ಲ.

ಇದೇ ನನ್ನ ತಕರಾರು. ಬಾಂಬ್ ಇಟ್ಟವನಿಗೆ ಮುಖ ಇರುತ್ತೆ, ತಾಗಿಸಿಕೊಂಡವನಿಗೆ ಸಂಖ್ಯೆ ಮಾತ್ರ. ಮರುನೊಉಚಿಯ ಆ ಗುಂಪಿನಲ್ಲಿ ಸತೊಶಿ ಕಿರಿಶಿಮ ಅಂತ ಒಬ್ಬನಿದ್ದ. ಅವನ ಮೇಲಿದ್ದದ್ದು 1975ರ ಗಿಂಜಾ ಸ್ಫೋಟದ ಆರೋಪ. ಉದ್ದ ಕೂದಲು, ಕನ್ನಡಕ, ನಗುಮುಖದ ಅವನ ಫೋಟೊ ಸುಮಾರು ಐವತ್ತು ವರ್ಷ ಜಪಾನಿನ ಪೊಲೀಸ್ ಚೌಕಿಗಳ ಗೋಡೆ ಮೇಲಿತ್ತು. 2024ರ ಜನವರಿಯಲ್ಲಿ ಕ್ಯಾನ್ಸರ್‌ನಿಂದ ಸಾಯುತ್ತಿದ್ದ ಮುದುಕನೊಬ್ಬ ಆಸ್ಪತ್ರೆಯಲ್ಲಿ 'ನಾನೇ ಕಿರಿಶಿಮ' ಅಂದ. ಕೆಲವೇ ದಿನಗಳಲ್ಲಿ ತೀರಿಕೊಂಡ. ಮರುವರ್ಷವೇ ಅವನ ಮೇಲೆ ಎರಡು ಸಿನಿಮಾ! 1974ರಲ್ಲಿ ಊಟಕ್ಕೆ ಹೊರಟು ಗಾಜಿನ ಕೆಳಗೆ ಸಿಕ್ಕವರಿಗೆ ಒಂದಾದರೂ ಬಂತೇ ಅಂತ ನಾನು ಹುಡುಕಿದೆ. ನನಗಂತೂ ಸಿಗಲಿಲ್ಲ.

ನಮ್ಮಲ್ಲೇನು ಕಡಿಮೆಯೇ? ಲಾಂಗು ಮಚ್ಚು ಹಿಡಿದವನಿಗೆ ಬಾಲ್ಯ ಇರುತ್ತೆ, ಅಮ್ಮ ಇರುತ್ತಾಳೆ, ಹಾಡೂ ಇರುತ್ತೆ. ಏಟು ತಿಂದವನು ಒಂದು ಫ್ರೇಮಿನಲ್ಲಿ ಬಿದ್ದು ಹೋಗುತ್ತಾನೆ. 2022ರ ನವೆಂಬರ್‌ನಲ್ಲಿ ಮಂಗಳೂರಿನಲ್ಲಿ ಆಟೋದೊಳಗೆ ಕುಕ್ಕರ್ ಬಾಂಬ್ ಸಿಡಿಯಿತಲ್ಲ, ಆರೋಪಿಯ ಊರು, ಓದು, ಫೋಟೊ ಎಲ್ಲ ವಾರಗಟ್ಟಲೆ ಮುಖಪುಟದಲ್ಲಿ ಬಂತು. ಬಾಡಿಗೆ ಸಿಕ್ಕಿತು ಅಂತ ಅವನನ್ನು ಹತ್ತಿಸಿಕೊಂಡು ಮೈ ಸುಟ್ಟುಕೊಂಡ ಡ್ರೈವರ್ ಸುದ್ದಿ ಒಳಪುಟಕ್ಕೆ ಹೋಯಿತು. ಪತ್ರಿಕೆಯವರನ್ನು ಬೈಯುತ್ತಿದ್ದೇನೆ ಅಂದರೆ ನನ್ನ ಜಾತಿಯವರನ್ನೇ ಬೈಯುತ್ತಿದ್ದೇನೆ. ಬೈಯಲೇಬೇಕು. ಆರೋಪಿಯ ಫೋಟೊ ಇಲ್ಲದ ಮುಖಪುಟ ಮಾರಾಟ ಆಗುವುದಿಲ್ಲ ಅಂತ ನಮ್ಮಲ್ಲಿ ಎಷ್ಟು ಜನ ನಂಬಿಕೊಂಡು ಕೂತಿದ್ದಾರೆ ಅನ್ನುವುದು ನಿಮಗೆ ಗೊತ್ತಿಲ್ಲ.

ನಿಮ್ಮ ಎರಡು ಪುಟದ ಪತ್ರದಲ್ಲಿ ಪತ್ತೇದಾರ ಶಿಬಜಾಕಿಗೆ ಒಂದೇ ಸಾಲು: 'ಸ್ವಲ್ಪ ಬೋರ್ ಹೊಡೆಸುತ್ತಾನೆ.' ದೊಡ್ಡವರ ಕೇಸಿಗೆ ಕೈ ಹಾಕಿ ಹಳೇ ಕಡತಗಳ ಕೋಣೆಗೆ ಎಸೆಯಲ್ಪಟ್ಟ, ಹಿರೋಶಿಮಾ ಕಡೆಯ ಆ ಮನುಷ್ಯನೇ ಒಗಟು ಬಿಡಿಸುತ್ತಾನೆ. ಹುಡುಗರು ತೆರೆದಿಡಲು ಬಯಸಿದ ಸತ್ಯವನ್ನು ಬಾಂಬಿಲ್ಲದೆ, ಸುಮ್ಮನೆ ಕೇಳುತ್ತ, ಅಲೆಯುತ್ತ ಹುಡುಕಿ ತೆಗೆಯುತ್ತಾನೆ. ಅವನಿಗೆ ಬೈಕ್ ಇಲ್ಲ, ಕೆದರಿದ ಕೂದಲಿನ ಅಂದ ಇಲ್ಲ. ನಿಮ್ಮ ವಯಸ್ಸಿಗೆ ಬೋರ್ ಅನಿಸಿದ್ದರಲ್ಲಿ ಆಶ್ಚರ್ಯವೂ ಇಲ್ಲ ಬಿಡಿ. ಮಾವನನ್ನು ಒಮ್ಮೆ ಬಿಡುವು ಮಾಡಿಕೊಂಡು ಕೇಳಿ, ಸ್ಫೋಟವೋ ಬೆಂಕಿಯೋ ಆದ ಜಾಗಕ್ಕೆ ಹೋಗಿದ್ದಿರಾ ಅಂತ. ಹೋಗಿದ್ದರೆ, ಎರಡನೇ ಕಂತಿಗೇ ಯಾಕೆ ಎದ್ದರು ಅನ್ನುವುದನ್ನು ಅವರು ನನಗಿಂತ ಚೆನ್ನಾಗಿ ಹೇಳುತ್ತಾರೆ.

ಪತ್ರದ ಅಂಚಿನಲ್ಲಿ ಇನ್ನೊಂದು ಮಾತು ಗೀಚಿದ್ದೀರಿ, ಈ ಸರಣಿ ಬಗ್ಗೆ ಲೇಖನ ಬರೆದರೆ ಹಾಕುತ್ತೀರಾ ಅಂತ. ಖಂಡಿತ ಹಾಕುತ್ತೇವೆ. ನನ್ನ ಮಾತನ್ನು ಒಪ್ಪಲೇಬೇಕು ಅಂತಿಲ್ಲ, ಧಾರಾಳವಾಗಿ ಜಗಳ ಆಡಿ. ಎಂಟುನೂರು ಪದ ದಾಟದಿರಲಿ, ಶಿಬಜಾಕಿಗೆ ಒಂದು ಪ್ಯಾರಾ ಇರಲಿ. ತಿಂಗಳ 20ರೊಳಗೆ ಕಳಿಸಿದರೆ ಮುಂದಿನ ಸಂಚಿಕೆಗೆ ಆಗುತ್ತೆ.